ಗೋಡೆಯ ಮೇಲಿನ ಹೆಂಗಸು ಕೊಡಂಬಲಕ್ಕೆ ಬಂದದ್ದು

ಹುಮನಾಬಾದ

ಹೊರಡುವ ದಿನ ಬೆಳಿಗ್ಗೆ ಎದ್ದು ಅಂಗಳ ಗುಡಿಸಿ ನೀರು ಚೆಲ್ಲಿದೆ. ಹಂಡೆಗೆ ಉರಿ ಹಾಕಿದೆ. ಎಮ್ಮೆ ಹಿಂಡಿ ಹಾಲು ಕಾಯಿಸಿ ಹೆಪ್ಪು ಹಾಕಿದೆ. ಹಾಕಿದ ಮೇಲೆ, ಈ ಮೊಸರು ಬಡಿಸಲು ನಾನಿರುವುದಿಲ್ಲವಲ್ಲ ಎಂದು ಹೊಳೆಯಿತು. ಜೋಳದ ಹಿಟ್ಟು ನಾದಿ ರೊಟ್ಟಿ ಬಡಿದೆ. ಯಜಮಾನರ ಧೋತರ ಒಗೆದು ಹಾಕಿದೆ. ಹಿತ್ತಲ ಬಾಗಿಲ ಅಗಳಿ ಸಡಿಲಾಗಿತ್ತು, ಮೊಳೆ ಹೊಡೆದೆ. ಮಿಲ್ಲಿಗೆ ಹೋಗಿ ತೊಗರಿ ಆರಿಸುವ ಹೆಂಗಸರಿಗೆ ಚೀಲ ತೆಗೆದುಕೊಟ್ಟೆ, ಮಷೀನು ತಿರುಗಿಸುವ ಪಟ್ಟಾ ಜಾರದಂತೆ ರಾಳ ಹಚ್ಚಿಸಿದೆ. ಆಮೇಲೆ ಕೈಕಾಲು ತೊಳೆದುಕೊಂಡು ಇಂಗ್ಲೆಂಡಿಗೆ ಹೊರಟೆ.

"ವಿಲಾಯತಿಗಿ ಹೊಂಟೀಯೋ, ಸಂತಿಗಿ ಹೊಂಟೀಯೋ?" ಎಂದು ಯಜಮಾನರು ಕೇಳಿದರು. ಗಂಟು ನೋಡಿದರೆ ಅವರ ಮಾತೇನೂ ಸುಳ್ಳಲ್ಲ. ಒಣ ರೊಟ್ಟಿಯದೊಂದು ಡಬ್ಬಿ, ಶೇಂಗಾ ಹಿಂಡಿಯದೊಂದು (ನಿಮ್ಮ ಕಡೆ ಚಟ್ನಿಪುಡಿ ಅನ್ನುತ್ತೀರಲ್ಲ, ಅದು), ಸೀರೆಗಳ ನಡುವೆ ಹಪ್ಪಳ.

ನಮ್ಮದು ಸಣ್ಣ ದಾಲ್ ಮಿಲ್ಲು. ಯಜಮಾನರು ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಅಡತಿ ವ್ಯವಹಾರ ನೋಡುತ್ತಾರೆ, ಮಿಲ್ಲಿನ ಒಳಗಿನ ಕೆಲಸ ನನ್ನದು. ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಅಲ್ಲಿ ಹೆಂಗಸರ ನಡುವೆ ನಿಲ್ಲುತ್ತೇನೆ. ಇದನ್ನು ಯಾರೂ ನೌಕರಿ ಅನ್ನುವುದಿಲ್ಲ, ಮನೆಯ ಮಿಲ್ಲು ನೋಡಿ.

ಲ್ಯಾಂಕಶೈರ್ ಸೀಮೆಯ ಒಂದು ಊರಿನಲ್ಲಿ ನನ್ನ ತಂಗಿ ನಂದಾ ಇದ್ದಾಳೆ. ಅವಳ ಗಂಡ ವೀರಶೆಟ್ಟಿ ಅಲ್ಲಿ ರಬ್ಬರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿನ್ನೂ ಆಗಿಲ್ಲ. ಟಿಕೇಟು ಕಳಿಸಿದವನು ವೀರಶೆಟ್ಟಿಯೇ. ನಂದಾ ನೇಯ್ಗೆ ಮಿಲ್ಲಿನಲ್ಲಿ ಕೆಲಸ ಕಲಿಯುತ್ತಿದ್ದಾಳೆ, ಕಾಯಂ ಮಾಡಿಕೊಳ್ಳುತ್ತೇವೆ ಎನ್ನುತ್ತಿದ್ದಾರೆ, ನನಗೆ ಏನು ಹೇಳಬೇಕೋ ತಿಳಿಯದು, ಅಕ್ಕನವರು ಬಂದು ತಿಳಿಸಿ ಹೇಳಬೇಕು ಎಂದು ಬರೆದಿದ್ದ. ಅದೇ ವಾರ ಅವನ ತಾಯಿ ಗುರಮ್ಮ ಕೊಡಂಬಲದಿಂದ ಬಸ್ಸು ಹತ್ತಿ ನಮ್ಮ ಮನೆಗೇ ಬಂದರು. ಚಹಾ ಕೊಟ್ಟರೆ ಕುಡಿಯಲಿಲ್ಲ.

"ಶಾಂತಾ, ನಿನ್ನ ತಂಗಿ ಕಾರಖಾನಿಗಿ ಹೋಗಾಕತ್ತಾಳಂತ. ಶೆಟ್ಟರ ಮನಿ ಸೊಸಿ ಗಂಡಸರ ನಡುವ ಮಷೀನಿಗಿ ನಿಂತ್ರ ನಮ್ಮ ಇಜ್ಜತ್ ಏನು ಉಳೀತದ? ನೀ ಹಿರ್ಯಾಕಿ. ಬಿಡಿಸಿ ಬಾ. ಕೇಳಲಿಲ್ಲಂದ್ರ ಕರಕೊಂಡಽ ಬಾ."

"ಆಯ್ತು ಅತ್ತಿ, ನೀವು ಫಿಕರ್ ಮಾಡಬ್ಯಾಡ್ರಿ. ಆಕಿ ನನ್ನ ಮಾತು ಮೀರಂಗಿಲ್ಲ" ಎಂದೆ. ಚಹಾ ಆಗ ಕುಡಿದರು.

ನಂದಾಳನ್ನು ಬಸವಕಲ್ಯಾಣದ ತವರಿನಲ್ಲಿ ಎತ್ತಿ ಆಡಿಸಿದವಳು ನಾನು. ತಲೆ ಬಾಚಿ ಶಾಲೆಗೆ ಕಳಿಸಿದವಳೂ ನಾನೇ. ಹೇಳಿದರೆ ಕೇಳುತ್ತಾಳೆ, ಆ ಖಾತ್ರಿ ನನಗಿತ್ತು.

ವಿಮಾನ ಇಳಿದ ಮೇಲೆ

ವಿಮಾನದ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಕೂತೆ, ಕೊಟ್ಟದ್ದು ತಿನ್ನಲಿಲ್ಲ, ಪಕ್ಕದ ಗುಜರಾತಿ ಮುದುಕಿಯ ತಲೆ ನನ್ನ ಹೆಗಲ ಮೇಲಿತ್ತು.

ಲಂಡನ್ನಿನಲ್ಲಿ ಸಾಮಾನು ತಪಾಸಣೆಯ ಸಾಹೇಬ ನನ್ನ ರೊಟ್ಟಿ ಡಬ್ಬಿ ತೆಗೆಸಿದ. ನಮ್ಮ ಕಡೆಯ ಖಡಕ್ ರೊಟ್ಟಿ ನೀವು ಬಲ್ಲಿರಿ, ತಿಂಗಳು ಇಟ್ಟರೂ ಏನೂ ಆಗದು. ಅವನು ಒಂದು ಎತ್ತಿ ಬೆಳಕಿಗೆ ಹಿಡಿದ. ಬೆರಳ ಗೆಣ್ಣಿನಿಂದ ಬಾಗಿಲು ಬಡಿದ ಹಾಗೆ ಬಡಿದ. ಠಣ್ ಎಂದಿತು. ಏನೋ ಕೇಳಿದ. ನನಗೆ ಇಂಗ್ಲಿಷು ಬಾರದು. ಶಾಲೆಯಲ್ಲಿ ಕಲಿತದ್ದು ನಿಜಾಮರ ಕಾಲದ ಉರ್ದು, ಕನ್ನಡ ಓದು ಬರಹ ಅಪ್ಪ ಮನೆಯಲ್ಲಿ ಕೂಡಿಸಿಕೊಂಡು ಕಲಿಸಿದ್ದು. ಆಗ ನೆಲ ಒರೆಸುತ್ತಿದ್ದ ಪಂಜಾಬಿ ಹೆಂಗಸೊಬ್ಬಳು ಬಂದು "ಕ್ಯಾ ಹೈ ಬಹನ್‌ಜಿ?" ಎಂದಳು. "ರೋಟಿ ಹೈ ಜೀ, ಜ್ವಾರಿ ಕೀ" ಎಂದೆ. ಅವಳು ಅವನಿಗೆ ಹೇಳಿದಳು. ಅವನು ನಂಬಲಿಲ್ಲ. ನಾನು ಒಂದು ಚೂರು ಮುರಿದು, ಹಿಂಡಿಯಲ್ಲಿ ಒತ್ತಿ, ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದೆ. ಹಿಂಡಿಯ ಡಬ್ಬಿಗೆ ಮೂಗು ಹಚ್ಚಿದ ಸಾಹೇಬ ಒಂದರ ಮೇಲೊಂದು ಸೀನಿದ. ಆಮೇಲೆ ಬೇಗ ಬೇಗ ಕೈ ಬೀಸಿ ನನ್ನನ್ನು ಮುಂದಕ್ಕೆ ಕಳಿಸಿದ.

ಹೊರಗೆ ವೀರಶೆಟ್ಟಿ ನಿಂತಿದ್ದ. ಕಾಲು ಮುಟ್ಟಿ ನಮಸ್ಕರಿಸಿದ. ಆ ಚಳಿಯಲ್ಲಿ, ಅಷ್ಟು ಮಂದಿಯ ನಡುವೆ, ಕೋಟು ಹಾಕಿಕೊಂಡ ಹುಡುಗ ಬಗ್ಗಿ ಕಾಲು ಮುಟ್ಟಿದ್ದು ನನಗೆ ಸಂತೋಷವಾಯಿತು. ಸರಿಯಾದ ಮನೆತನ ಎಂದುಕೊಂಡೆ. ನನ್ನ ಕೆಲಸ ಸುಲಭ.

ನಂದಾಳ ಓಣಿ

ಊರು ತುಂಬ ಕರಿ ಕಲ್ಲು. ಮಿಲ್ಲಿನ ಗೋಡೆಗಳು ನಮ್ಮ ಬಸವಕಲ್ಯಾಣದ ಕೋಟೆಯ ಹಾಗೆ ಮುಗಿಲಿಗೆ ಎದ್ದಿವೆ, ಆದರೆ ಕೋಟೆಗೆ ಇಷ್ಟೊಂದು ಕಿಟಕಿ ಯಾರು ಇಡುತ್ತಾರೆ! ಎಷ್ಟೋ ಮಿಲ್ಲುಗಳು ಮುಚ್ಚಿಹೋಗಿವೆ ಎಂದ ವೀರಶೆಟ್ಟಿ. ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿವೆ. ಬಾಗಿಲು, ಕಿಟಕಿ, ಮೆಟ್ಟಿಲು ಎಲ್ಲ ಒಂದೇ ಅಚ್ಚು. ಹಗಲು ಊಟ ಮುಗಿಸಿ ತಾಟು ತೊಳೆಯುವಷ್ಟರಲ್ಲಿ ಕತ್ತಲು. ಓಣಿಯಲ್ಲಿ ಮನುಷ್ಯರೇ ಕಾಣರು. ನಮ್ಮಲ್ಲಾದರೆ ಹೊಸ ಮುಖ ಬಂತೆಂದರೆ ಕಟ್ಟೆಯ ಮೇಲೆ ಕೂತವರು ಯಾರ ಮನೆಗೆ, ಯಾವ ಊರು, ಎಷ್ಟು ದಿನ ಇರುತ್ತೀರಿ ಎಂದೆಲ್ಲ ಕೇಳಿ ಮುಗಿಸುತ್ತಿದ್ದರು. ಇಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಎರಡು ದಿನಕ್ಕೇ ನನಗೆ ಬೇಸರ ಬಂತು.

ಮೂರನೆಯ ದಿನ ನಂದಾ ಮಿಲ್ಲಿಗೆ ಹೋಗಿದ್ದಳು. ಕಲಿಯುವ ದಿನಗಳಿನ್ನೂ ಮುಗಿದಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ವೀರಶೆಟ್ಟಿ ಮಲಗಿದ್ದ. ಮೂಲೆಯ ಅಂಗಡಿಗೆ ಹೋಗಿ ಉಳ್ಳಾಗಡ್ಡಿ ತರೋಣವೆಂದು ಹೊರಟೆ. ಅಂಗಡಿಯವನು ಪಾಕಿಸ್ತಾನದವನು, ನನ್ನ ಉರ್ದು ಕೇಳಿ ಅವನಿಗೆ ನಗು. "ಇತ್ತಾ ನಕ್ಕೋ, ಥೋಡಾ ಕಮ್ ಕರೋ" ಎಂದರೆ, "ನಕ್ಕೋ ಅಂದರೇನು ಆಪಾ?" ಎನ್ನುತ್ತಾನೆ. ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ನಕ್ಕೋ ಅಂದರೆ ಬೇಡ ಎಂದು ಹಸುಗೂಸಿಗೂ ಗೊತ್ತು, ಇವನಿಗೆ ಗೊತ್ತಿಲ್ಲ.

ನಗುತ್ತ ಮರಳಿ ಬಂದು, ಬಾಗಿಲು ದೂಡಿ, ಚಪ್ಪಲಿ ಬಿಟ್ಟು, ನೇರ ಅಡುಗೆ ಮನೆಗೆ ಹೋಗಿ ಉಳ್ಳಾಗಡ್ಡಿ ಮೇಜಿನ ಮೇಲೆ ಸುರಿದೆ. ತಲೆ ಎತ್ತಿದರೆ ಎದುರಿಗೆ ಬಿಳಿ ಕೂದಲ ಹೆಂಗಸೊಬ್ಬಳು ಇಸ್ತ್ರಿ ಹಿಡಿದು ನಿಂತಿದ್ದಾಳೆ.

ಪಕ್ಕದ ಮನೆ!

ನಾನು ಸೆರಗು ಹೊದ್ದು ಕೈ ಮುಗಿದೆ. ಅವಳು ಬೈಯಲಿಲ್ಲ, ಕೂಗಲಿಲ್ಲ. ಇಸ್ತ್ರಿ ಪಕ್ಕಕ್ಕಿಟ್ಟು, ನನ್ನ ಕಡೆ ಮುಖ ಮಾಡಿ, ಒಂದು ಸದ್ದೂ ಹೊರಡಿಸದೆ ತುಟಿಗಳನ್ನು ದೊಡ್ಡದಾಗಿ ಆಡಿಸಿದಳು. ಹುಬ್ಬು ಏರಿಸಿ, ಬೆರಳಿನಿಂದ ಗೋಡೆಯ ಆಚೆ ತೋರಿಸಿ, ಆಮೇಲೆ ಕಪ್ಪು ಎತ್ತಿ ಕುಡಿಯುವ ಹಾಗೆ ಮಾಡಿದಳು. ನಿನ್ನ ಮನೆ ಆಚೆಯದು, ಇರಲಿ, ಚಹಾ ಕುಡಿದು ಹೋಗು. ಒಂದೂ ಮಾತಿಲ್ಲದೆ ನನಗೆ ಪೂರ್ತಿ ತಿಳಿಯಿತು. ನಾನೂ ಗದ್ದಲದ ಮಿಲ್ಲಿನಲ್ಲಿ ದಿನ ಕಳೆಯುವವಳು. ನಮ್ಮಲ್ಲಿ ಎಂಜಿನ್ನು ಶುರುವಾದರೆ ಕಿವಿ ಕೆಲಸಕ್ಕೆ ಬಾರದು. ಜರಡಿ ಬೇಕೆಂದರೆ ಅಂಗೈ ಅಲುಗಾಡಿಸುತ್ತಾರೆ, ಪಟ್ಟಾ ಜಾರಿತೆಂದರೆ ಮುಷ್ಟಿ ತಿರುಗಿಸುತ್ತಾರೆ.

ಅವಳ ಹೆಸರು ಎಡ್ನಾ. ಗಂಡ ತೀರಿಹೋಗಿ ಬಹಳ ದಿನವಾಗಿದೆ. ಹುಡುಗಿಯಾಗಿದ್ದಾಗಿನಿಂದ ನೇಯ್ಗೆ ಮಿಲ್ಲಿನಲ್ಲಿದ್ದವಳು. ಆ ಮಗ್ಗಗಳ ಆರ್ಭಟಕ್ಕೆ ಪಕ್ಕದಲ್ಲಿ ನಿಂತವಳು ಕಿರುಚಿದರೂ ಕೇಳಿಸುವುದಿಲ್ಲವಂತೆ. ಅದಕ್ಕೆ ಅಲ್ಲಿನ ಹೆಂಗಸರೆಲ್ಲ ತುಟಿಯಲ್ಲೇ ಮಾತಾಡುತ್ತಾರೆ, ತುಟಿಯನ್ನೇ ಓದುತ್ತಾರೆ. ಇದು ತಾಯಿಯಿಂದ ಮಗಳಿಗೆ ಬಂದ ಭಾಷೆ. ಮಗ್ಗ ಬಿಟ್ಟು ಮನೆಗೆ ಬಂದರೂ ಅವಳ ತುಟಿ ಆ ರೂಢಿ ಬಿಟ್ಟಿಲ್ಲ. ಇದನ್ನೆಲ್ಲ ನಂದಾ ಸಂಜೆ ಬಂದು ಬಿಡಿಸಿ ಹೇಳಿದಳು. ಮಿಲ್ಲಿನಲ್ಲಿ ಜಾಗ ಕೊಡಿಸಿದವಳೂ ಎಡ್ನಾಳೇ.

ಆ ಮೊದಲ ದಿನ ಚಹಾ ಕುಡಿಯುತ್ತ ನಾನು ಅವಳಿಗೆ ನಮ್ಮ ಮಿಲ್ಲಿನ ಒಂದು ಸನ್ನೆ ತೋರಿಸಿದೆ: ಇಲ್ಲದ ಮೀಸೆ ತಿರುವಿದೆ. ಮಾಲಕ ಬಂದ ಎಂದರ್ಥ. ಎಡ್ನಾ ಬಿದ್ದು ಬಿದ್ದು ನಕ್ಕಳು. ಅವಳೂ ಎದ್ದು, ಇಲ್ಲದ ಟೋಪಿ ಮುಟ್ಟಿ, ಹೊಟ್ಟೆ ಮುಂದೆ ಮಾಡಿ ಎರಡು ಹೆಜ್ಜೆ ನಡೆದಳು. ಅವರ ಮಾಲಕ!

ತಂಗಿಯ ಕೂಡ

ರವಿವಾರ ನಂದಾಳನ್ನು ಒಲೆಯ ಮುಂದೆ ಕೂಡಿಸಿಕೊಂಡು ಕೇಳಿದೆ. ಬಿಡಿಸಿ ಬರುತ್ತೇನೆಂದು ಮಾತು ಕೊಟ್ಟಿದ್ದೆನಲ್ಲ.

"ನಂದಾ, ಗಂಡನ ಪಗಾರ ಸಾಲದೇನು?"

"ಸಾಲ್ತದ."

"ಮತ್ತ್ಯಾಕ?"

ಅವಳು ಚಪಾತಿ ಲಟ್ಟಿಸುವುದು ನಿಲ್ಲಿಸಿದಳು. "ಅಕ್ಕಾ, ಇವರು ಪಾಳಿ ಮುಗಿಸಿ ಬಂದು ಮಲಗ್ತಾರ. ಎದ್ದು ಉಂಡು ಮತ್ತ ಪಾಳಿಗಿ ಹೋಗ್ತಾರ. ನಾ ಈ ಕಿಟಕ್ಯಾಗ ನಾಕು ವರ್ಷ ಕುಂತೀನಿ. ದೇವರ ಮುಂದ ನಿಂತು ಜೋರಾಗಿ ಮಾತಾಡ್ತಿದ್ದೆ, ನನ್ನ ದನಿ ಹ್ಯಾಂಗ ಅದ ಅಂತ ಮರೀಬಾರದಂತ."

"ಮಿಲ್ಲಿನ್ಯಾಗ ದನಿ ಕೇಳಂಗಿಲ್ಲಲ್ಲ, ಹುಚ್ಚಿ."

"ದನಿ ಕೇಳಂಗಿಲ್ಲ. ಆದ್ರ ಎಲ್ಲರೂ ನನ್ನ ಮುಖ ನೋಡಿ ಮಾತಾಡ್ತಾರ. ನನ್ನ ಇಂಗ್ಲಿಷು ಸರಿ ಇಲ್ಲಂತ ಅಂಗಡ್ಯಾಗ ನಗ್ತಿದ್ರು. ತುಟೀ ಮಾತಿಗಿ ಯಾರೂ ನಗಂಗಿಲ್ಲ. ನಿನ್ನೆ ಒಬ್ಬಾಕಿ ತನ್ನ ಗಂಡನ ಗೊರಕಿ ಮಾಡಿ ತೋರಿಸಿದಳು. ನಕ್ಕು ನಕ್ಕು ನನ್ನ ಮಗ್ಗದ ಎಳಿ ಹರೀತು, ಮೇಸ್ತ್ರಿ ಬೈದ."

ಬೈಸಿಕೊಂಡದ್ದನ್ನು ಇಷ್ಟು ಸಂತೋಷದಿಂದ ಹೇಳುವವರನ್ನು ನಾನು ಕಂಡಿರಲಿಲ್ಲ. ಆದರೂ, "ನಿಮ್ಮತ್ತಿ ಒಪ್ಪಂಗಿಲ್ಲ" ಎಂದೆ.

"ಗೊತ್ತದ. ತಿಂಗಳ ಕಡೀಗಿ ನಾ ಹೂಂ ಅನ್ನಲಿಲ್ಲಂದ್ರ ಅವರು ಜಾಗಾ ಬ್ಯಾರೆಯವರಿಗೆ ಕೊಡ್ತಾರ. ನೀ ಬ್ಯಾಡ ಅಂದ್ರ ಬಿಡ್ತೀನಿ" ಎಂದು ಲಟ್ಟಣಿಗೆ ಎತ್ತಿಕೊಂಡಳು.

ಕೇಳುತ್ತಾಳೆ ಎಂದು ನಾನು ಹೇಳಿದ್ದೆನಲ್ಲ, ಕೇಳಿದಳು. ಆದರೆ ಬೇಡ ಎಂಬ ಮಾತು ಆ ದಿನ ನನ್ನ ಬಾಯಿಗೆ ಬರಲಿಲ್ಲ. ಚಪಾತಿ ಬೇಯಿಸುತ್ತ ಕೂತೆ.

ವಾಚನಾಲಯದ ಗೋಡೆ

ಊರಿನ ವಾಚನಾಲಯದಲ್ಲಿ ಹಳೆಯ ಯುದ್ಧಕಾಲದ ಚಿತ್ರಗಳನ್ನು ತೂಗುಹಾಕಿದ್ದರು. ಹಿಟ್ಲರನ ಕಾಲದ ಯುದ್ಧ. ಗಂಡಸರು ರಣಕ್ಕೆ ಹೋದಾಗ ಹೆಂಗಸರನ್ನು ಕಾರ್ಖಾನೆಗೆ ಕರೆಯಲು, ಬಂದವರು ಬೇಸರಿಸದೆ ದುಡಿಯುವಂತೆ ಹುರಿದುಂಬಿಸಲು ಸರಕಾರದವರು ಗೋಡೆ ಗೋಡೆಗೆ ಹಚ್ಚಿದ್ದ ಚಿತ್ರಗಳಂತೆ. ಎಡ್ನಾಳ ಮಿಲ್ಲನ್ನು ಆಗ ಮುಚ್ಚಿ, ಅವಳನ್ನು ತೋಪಿನ ಗುಂಡು ಮಾಡುವ ಕಾರ್ಖಾನೆಗೆ ಕಳಿಸಿದ್ದರು. ನೋಡಲು ಹೋಗೋಣ ಎಂದು ಅವಳೇ ಹೊರಡಿಸಿದಳು. ವೀರಶೆಟ್ಟಿಗೂ ರಜೆ. ನಾಲ್ವರೂ ಹೋದೆವು.

ಒಳಗೆ ನಮ್ಮ ಮಠದ ಗದ್ದುಗೆಯ ಮುಂದೆ ಇರುವಷ್ಟು ಮೌನ. ಮೇಜಿನ ಹಿಂದೆ ಕೂತವಳು ನಾವು ಬಾಯಿ ತೆರೆಯುವ ಮೊದಲೇ ತುಟಿಗೆ ಬೆರಳಿಟ್ಟಳು.

ಒಂದು ಚಿತ್ರದಲ್ಲಿ ಎರಡು ಕೈ, ಒಂದು ಸಿಪಾಯಿಯದು, ಒಂದು ಹೆಂಗಸಿನದು. ಎರಡೂ ಕೂಡಿ ಒಂದೇ ತೋಪಿನ ಗುಂಡನ್ನು ಹಿಡಿದಿವೆ. ಇನ್ನೊಂದರಲ್ಲಿ ದೊಡ್ಡ ಗಡಿಯಾರ. ಮುಳ್ಳಿನ ತುದಿಗೆ ಒಬ್ಬ ಸಿಪಾಯಿ ಬರಿಗೈಯಲ್ಲಿ ನಿಂತಿದ್ದಾನೆ. ನೀನು ತಡವಾಗಿ ಬಂದರೆ ಅವನ ಬಂದೂಕು ಖಾಲಿ, ಎಂದು ಕೆಳಗೆ ಬರೆದಿದೆಯೆಂದು ವೀರಶೆಟ್ಟಿ ಪಿಸುಗುಟ್ಟಿದ. ಅದನ್ನು ನಮ್ಮ ಮಿಲ್ಲಿಗೆ ಒಯ್ದು ಹಚ್ಚಬೇಕು ಎನಿಸಿತು. ಆಮೇಲೆ, ನಮ್ಮ ಹೆಂಗಸರು ತಡವಾಗಿ ಬರುವುದು ಮನೆಯವರಿಗೆಲ್ಲ ರೊಟ್ಟಿ ಬಡಿದಿಟ್ಟು ಬರಬೇಕಾದ್ದರಿಂದ. ಗಡಿಯಾರದ ಚಿತ್ರ ಹಚ್ಚುವುದಾದರೆ ಅವರ ಗಂಡಂದಿರ ಅಡುಗೆ ಮನೆಯಲ್ಲಿ ಹಚ್ಚಬೇಕು ಎಂದುಕೊಂಡು ಬಿಟ್ಟೆ.

ನಮ್ಮಲ್ಲೂ ಪಾಕಿಸ್ತಾನದ ಕೂಡ ಲಡಾಯಿ ನಡೆದಾಗ ಬಸ್ ಸ್ಟ್ಯಾಂಡಿಗೆ ಒಂದು ಚಿತ್ರ ಹಚ್ಚಿದ್ದರು. ಒಂದು ಬದಿ ಸಿಪಾಯಿ, ಇನ್ನೊಂದು ಬದಿ ನೇಗಿಲು ಹೊತ್ತ ರೈತ. ಹುಮನಾಬಾದಿನಿಂದ ಸಿಪಾಯಿಗೆಂದು ಹೋದ ಬೇಳೆಯಲ್ಲಿ ಹರಳು ಆರಿಸಿದ ಕೈ ಅದರಲ್ಲಿ ಇರಲಿಲ್ಲ. ಆಗ ನನಗದು ಕಾಣಲೂ ಇಲ್ಲ. ಇಲ್ಲಿ ಈ ಹೆಂಗಸರ ಕೈ ನೋಡಿದ ಮೇಲೆ ಕಂಡಿತು.

ಮುಂದಿನ ಚಿತ್ರದಲ್ಲಿ ಒಂದು ಬಾಯಿ, ಅದಕ್ಕೆ ಬೀಗ. ಕಾರ್ಖಾನೆಯಲ್ಲಿ ಏನು ಮಾಡುತ್ತೀರೋ ಅದನ್ನು ಮಾತಾಡಬೇಡಿ, ಶತ್ರು ಕೇಳುತ್ತಾನೆ ಎಂದು. ಎಡ್ನಾ ನಂದಾಳ ಭುಜ ತಟ್ಟಿ, ದನಿಯಿಲ್ಲದೆ, ತುಟಿಯಲ್ಲಿ ಏನೋ ಹೇಳಿದಳು. ನಂದಾ ಬಾಯಿಗೆ ಸೆರಗು ಒತ್ತಿಕೊಂಡು ಕುಲುಕುಲು ನಕ್ಕಳು. ನನ್ನ ಕಿವಿಯಲ್ಲಿ ಹೇಳಿದಳು: "ಈ ಚಿತ್ರದ ಕೆಳಗೇ ನಿಂತು ನಾವು ದಿನಾ ಮಾತಾಡ್ತಿದ್ದೆವು ಅಂತಾಳ. ಮೇಸ್ತ್ರಿ ಬಂದು, ಎಂಥಾ ಶಿಸ್ತಿನ ಹೆಂಗಸರು, ಒಂದು ಸದ್ದಿಲ್ಲ ಅಂತ ಹೊಗಳಿ ಹೋಗ್ತಿದ್ನಂತ!"

ವೀರಶೆಟ್ಟಿಗೆ ನಗು ಬರಲಿಲ್ಲ. ಅವನು ಕೈಗಳ ಚಿತ್ರದ ಮುಂದೆ ನಿಂತಿದ್ದ. ತಗ್ಗಿದ ದನಿಯಲ್ಲಿ, "ನೋಡ್ರಿ ಅಕ್ಕಾರೆ, ಇದು ಖರೆ ಅದ. ದೇಶಕ್ಕ ಗಂಡಾಂತರ ಬಂದಿತ್ತು, ಕರದ್ರು, ಬಂದ್ರು. ಈಗ ನಂದಾಗ ಯಾರು ಕರದಾರ? ನಮ್ಮ ಫ್ಯಾಕ್ಟರಿಯಾಗ ನಮ್ಮ ಮಂದೀನೇ, ಶೆಟ್ಟಿ ದುಡದದ್ದು ಸಾಲವಲ್ದು, ಹೆಂಡತೀನ ಹೊರಗ ಬಿಟ್ಟಾನ ಅಂತಾರ. ಅಲ್ಲಿ ಅವ್ವ ಬ್ಯಾರೆ. ನಾ ಎಲ್ಲೀಂತ ಮುಖ ಇಡ್ಲಿ?"

ಅವನ ಮಾತಿನಲ್ಲಿ ಸೊಕ್ಕಿರಲಿಲ್ಲ. ಅವನಿಗೆ ನಿಜವಾಗಿ ಕಷ್ಟವಾಗಿತ್ತು. ನಾನು ತಲೆ ಎತ್ತಿದೆ. ಅವನ ಬೆನ್ನ ಹಿಂದೆ ನಂದಾ ನಿಂತಿದ್ದಳು. ನನ್ನನ್ನೇ ನೋಡುತ್ತ, ಸದ್ದಿಲ್ಲದೆ, ಒಂದೊಂದೇ ಅಕ್ಷರ ತುಟಿಯಲ್ಲಿ ತಿದ್ದಿದಳು. ಕನ್ನಡದಲ್ಲಿ.

"ಅಕ್ಕಾ. ನನ್ನ ಮತ್ತ ಆ ಕಿಟಕ್ಯಾಗ ಕೂಡಸಬ್ಯಾಡ."

ಅವಳು ಚಿಕ್ಕವಳಿದ್ದಾಗ ಜ್ವರ ಬಂದು ಗಂಟಲು ಕಟ್ಟಿದ್ದಾಗಲೂ ನಾನು ಹೀಗೇ ಅವಳ ತುಟಿ ನೋಡಿ ನೀರು ಕೊಟ್ಟಿದ್ದೆ. ಅಲ್ಲಿಗೆ ನನ್ನ ತೀರ್ಮಾನ ಆಗಿಹೋಯಿತು.

ಅಷ್ಟರಲ್ಲಿ ನಂದಾ ಗಂಡನ ಪ್ರಶ್ನೆಯನ್ನು ಎಡ್ನಾಗೆ ಹೇಳಿದ್ದಳು. ಎಡ್ನಾ ಅವನ ಎದುರಿಗೆ ಬಂದು ನಿಂತಳು. ಈ ಸಲ ದನಿ ತೆಗೆದೇ ಮಾತಾಡಿದಳು, ನಿಧಾನವಾಗಿ, ಅವನ ತಾಯಿಯ ವಯಸ್ಸಿನವಳು ಮಾತಾಡುವ ಹಾಗೆ. ನಂದಾ ನನಗೆ ಹೇಳುತ್ತ ಹೋದಳು. ಯುದ್ಧ ಮುಗಿದ ವಾರವೇ ಈ ಚಿತ್ರಗಳನ್ನು ಕೆರೆದು ತೆಗೆದರಂತೆ. ನಿಮ್ಮ ಉಪಕಾರ ದೊಡ್ಡದು, ಇನ್ನು ಮನೆಗೆ ಹೋಗಿ ಎಂದರಂತೆ. ಇವಳು ಹೋಗಿ ಒಂದು ವಾರ ಕಿಟಕಿ ಪರದೆ ಒಗೆದಳು, ಇನ್ನೊಂದು ವಾರ ಮತ್ತೆ ಅದನ್ನೇ ಒಗೆದಳು. ಆಮೇಲೆ ಹಳೆಯ ಮಿಲ್ಲಿನ ಬಾಗಿಲಿಗೆ ಹೋಗಿ ನಿಂತಳು. ಯಾರೂ ಕರೆದಿರಲಿಲ್ಲ. ಮುದುಕಿಯಾಗುವವರೆಗೆ ನೇಯ್ದಳು. ಅದಕ್ಕೆ ಒಂದು ಚಿತ್ರವನ್ನೂ ಯಾರೂ ಹಚ್ಚಲಿಲ್ಲ.

"ಆಕೀ ಗಂಡ ಏನಂದ ಅಂತ ಕೇಳು" ಎಂದ ವೀರಶೆಟ್ಟಿ, ನಂದಾಗೆ.

ಎಡ್ನಾ ಹುಬ್ಬೇರಿಸಿ ಒಂದೇ ಮಾತು ಹೇಳಿದಳು. ನಂದಾ ಹೇಳಿದಳು: "ಚಹಾ ಮಾಡೋದು ಕಲ್ತ, ಅಂತಾಳ."

ಅವನ ಮೀಸೆ ಅಲುಗಿತು. ಇದೇ ಹೊತ್ತೆಂದು ನಾನು, "ವೀರಶೆಟ್ಟಿ, ನಾನೂ ಹುಮನಾಬಾದಿನ್ಯಾಗ ಮಷೀನಿನ ಮುಂದಽ ನಿಲ್ತೀನಿ. ನನ್ನ ಕಂಡು ನಿನ್ನ ಇಜ್ಜತ್ ಕಡಿಮಿ ಆಗ್ಯಾದೇನು?" ಎಂದೆ. ಸ್ವಲ್ಪ ಜೋರೇ ಆಯಿತೇನೋ. ಮೇಜಿನ ಹಿಂದಿನವಳು ಎದ್ದು ನಿಂತು ಶ್‌ಶ್ ಎಂದಳು. ಓದುತ್ತಿದ್ದವರೆಲ್ಲ ತಿರುಗಿದರು. ನಾನು ಅವಳಿಗೂ ಕೈ ಮುಗಿದೆ.

"ನಿಮ್ಮದು ಮನಿ ಮಿಲ್ಲು ಅಲ್ಲೇನ್ರಿ ಅಕ್ಕಾರೆ..."

"ಪಟ್ಟಾಕ್ಕ ಅದೇನು ಗೊತ್ತದ?"

ಅವನು ಕೈಗಳ ಚಿತ್ರವನ್ನು ಇನ್ನೊಮ್ಮೆ ನೋಡಿದ. ಹೊರಗೆ ಬಂದು ಮೆಟ್ಟಿಲ ಮೇಲೆ ಹೇಳಿದ: "ನನ್ನ ಫ್ಯಾಕ್ಟರಿ ಮಂದೀಗಿ ನಾ ನೋಡ್ಕೋತೀನಿ. ಆದ್ರ ಅವ್ವನ ಮಾತು ಮುರದು ನಾ ಹೂಂ ಅನ್ನಂಗಿಲ್ರಿ. ಅವ್ವ ಒಪ್ಪಿದ್ರ ನಂದೇನೂ ತಕರಾರಿಲ್ಲ."

"ಒಪ್ಪಿಸೋದು ನನ್ನ ಕಡೀಗಿ ಬಿಡು" ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ. ಬಿಡಿಸಿ ಬರುತ್ತೇನೆಂದು ಗುರಮ್ಮನವರಿಗೆ ಚಹಾ ಕುಡಿಸಿ ಬಂದವಳು ನಾನೇ.

ಹೊರಡುವ ಮುಂದೆ ಎಡ್ನಾ ನನ್ನ ಕೈಗೆ ಒಂದು ಕಾರ್ಡು ಕೊಟ್ಟಳು. ಗೋಡೆಯ ಚಿತ್ರಗಳಲ್ಲೊಂದನ್ನು ಕಾರ್ಡಿನ ಮೇಲೆ ಅಚ್ಚು ಹಾಕಿ ವಾಚನಾಲಯದವರು ಮಾರುತ್ತಿದ್ದರು. ಕೆಂಪು ಬಟ್ಟೆಯನ್ನು ತಲೆಗೆ ಬಿಗಿದು ಕಟ್ಟಿದ ಹೆಂಗಸು, ತೋಳು ಮಡಚಿ, ಚಕ್ರದ ಮುಂದೆ ನಿಂತಿದ್ದಾಳೆ. ಕೂದಲು ಕಟ್ಟಿಕೋ, ಯಂತ್ರಕ್ಕೆ ಸಿಕ್ಕೀತು ಎಂದು ಬರೆದಿತ್ತು. ಬಾಗಿಲಲ್ಲಿ ನಿಂತು ನಾವಿಬ್ಬರೂ ಒಂದಿಷ್ಟು ತುಟಿಯಲ್ಲೇ ಮಾತಾಡಿದೆವು. ಅವಳಿಗೆ ಕನ್ನಡ ಬಾರದು, ನನಗೆ ಇಂಗ್ಲಿಷು ಬಾರದು. ಮುಗಿಸಿದಾಗ ಇಬ್ಬರಿಗೂ ಹೇಳುವುದು ಉಳಿದಿರಲಿಲ್ಲ.

ಕೊಡಂಬಲ

ಮನೆಗೆ ಬಂದು ಒಂದು ದಿನ ಮಲಗಿದೆ. ಮರುದಿನ ಚಿಟಗುಪ್ಪದ ಬಸ್ಸು ಹಿಡಿದು ಅಲ್ಲಿಂದ ಕೊಡಂಬಲಕ್ಕೆ ಹೋದೆ. ತಿಂಗಳ ಕೊನೆ ಹತ್ತಿರ ಬಂದಿತ್ತು. ಬಸ್ಸಿನಲ್ಲಿ ಏನೇನೋ ಜೋಡಿಸಿಕೊಂಡೆ: ನಂದಾ ಒಬ್ಬಳೇ ಇರುತ್ತಾಳೆ ಎನ್ನಲೇ, ಎಡ್ನಾಳ ಕಥೆ ಹೇಳಲೇ, ವೀರಶೆಟ್ಟಿ ಒಪ್ಪಿದ್ದಾನೆ ಎನ್ನಲೇ. ಇಳಿದಾಗ ಒಂದೂ ನೆನಪಿರಲಿಲ್ಲ.

ಗುರಮ್ಮ ಕಣದಲ್ಲಿದ್ದರು. ತೊಗರಿ ರಾಶಿ. ನಂದಾಳ ಮಾವನವರು ಆಚೆ ಎತ್ತುಗಳ ಹತ್ತಿರ. ಹೊಟ್ಟಿನ ಧೂಳಿಗೆ ಗುರಮ್ಮ ಸೆರಗನ್ನು ತಲೆಗೆ ಬಿಗಿದು, ಮೊರ ಹಿಡಿದು ತೂರುತ್ತಿದ್ದರು. ನನ್ನ ಹಿಂದೆ ಯಾರಾದರೂ ಇದ್ದಾರೇನು ಎಂದು ನೋಡಿದರು.

"ಕರಕೊಂಡು ಬರಲಿಲ್ಲ?"

"ಇಲ್ಲ ಅತ್ತಿ."

"ಬಿಡಿಸಿದಿ?"

ನಾನು ಚೀಲದಿಂದ ಕಾರ್ಡು ತೆಗೆದು ಕೊಟ್ಟೆ.

ಗುರಮ್ಮ ಮೊರ ಇಳಿಸಿ, ಕೈ ಒರೆಸಿಕೊಂಡು, ಕಾರ್ಡನ್ನು ತೋಳುದ್ದ ದೂರ ಹಿಡಿದರು. "ಇಕಿ ಯಾರ?"

"ಅಲ್ಲಿ ಯುದ್ಧ ನಡೆದಾಗ ಕಾರಖಾನ್ಯಾಗ ದುಡಿಯೋ ಹೆಂಗಸ್ರಿಗೆ ಹುರುಪು ಬರಲಂತ ಗೋಡಿಗಿ ಹಚ್ಚಿದ ಚಿತ್ರ."

"ಹಣಿ ಖಾಲಿ ಅದಲ್ಲ. ಗಂಡ ಲಡಾಯ್ಯಾಗ ಸತ್ತನೇನು?"

"ಅವರು ಕುಂಕುಮ ಹಚ್ಚಂಗಿಲ್ಲ ಅತ್ತಿ."

"ಗಂಡ ಲಡಾಯಿಗಿ ಹೋದಾಗರೆ ಹಚ್ಕೋಬೇಕವ್ವ" ಎಂದು ಗುರಮ್ಮ ತಮ್ಮ ಹಣೆಯ ಕುಂಕುಮಕ್ಕೆ ಬೆರಳು ಒತ್ತಿ, ಆ ವಿಲಾಯತಿ ಹೆಂಗಸಿನ ಹಣೆಗೆ ಒಂದು ಬೊಟ್ಟು ಇಟ್ಟರು. ಈಗ ಸಮಾಧಾನವಾಗಿ ನೋಡಿದರು. "ತಲಿಗ್ಯಾಕ ಕಟ್ಟ್ಯಾಳ?"

"ಕೂದಲಾ ಮಷೀನಿಗಿ ಸಿಗಬಾರದಂತ. ನಂದಾನೂ ಹಂಗೇ ಕಟ್ಕೋತಾಳ."

ಗುರಮ್ಮ ಕಣದ ಅಂಚಿನ ಕಲ್ಲಿನ ಮೇಲೆ ಕೂತರು. ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡರು.

"ನಮ್ಮತ್ತಿ ಕಬ್ಬಿನ ಗಾಣದ ಮುಂದ ಬಗ್ಗಿದ್ದಳು. ಸೆರಗು ಸಿಕ್ತು. ಎತ್ತು ನಿಂದ್ರಸೋ ಹೊತ್ತಿಗಿ ಭುಜ ಹೋಗಿತ್ತು. ನಾ ಆಗ ಹೊಸಾ ಸೊಸಿ. ನನ್ನ ಕಣ್ಣ ಮುಂದಽ."

"ಅದನ್ನ ನೀವು ನನಗ ಹೇಳಲೇ ಇಲ್ಲಲ್ಲ ಅತ್ತಿ. ಇಜ್ಜತ್ ಅಂದ್ರಿ."

"ಇಜ್ಜತ್ ಅಂದ್ರ ಎಲ್ಲರೂ ಸುಮ್ನ ಕೇಳ್ತಾರ. ಅಂಜಿಕಿ ಬರ್ತದ ಅಂದ್ರ, ಮುದುಕಿ ಅದಾಳ ಬಿಡು ಅಂತಾರ." ಮತ್ತೆ ಕಾರ್ಡು ಎತ್ತಿ ಕಣ್ಣಿನ ಹತ್ತಿರ ತಂದರು. ಮುಖ ಬಿಗಿಯಿತು. "ಇದು ಸರಿ ಇಲ್ಲ."

"ಏನು ಸರಿ ಇಲ್ಲತ್ತಿ?"

"ಗಂಟು. ಹಣಿ ಮ್ಯಾಲ ಕಟ್ಟ್ಯಾಳ ನೋಡು, ತುದಿ ಹೊರಗ ಬಂದಾವ. ಬಗ್ಗಿದ್ರ ಮೊದಲ ಅದೇ ಸಿಗ್ತದ. ಇಲ್ಲಿ ಬಾ." ನನ್ನನ್ನು ಎದುರಿಗೆ ಕೂಡಿಸಿಕೊಂಡು, ನನ್ನ ಸೆರಗು ಎಳೆದು, ತಲೆಗೆ ಸುತ್ತಿ, ಹಿಂದೆ ಕುತ್ತಿಗೆಯ ಕುಳಿಯಲ್ಲಿ ಗಂಟು ಹಾಕಿ, ತುದಿಗಳನ್ನು ಒಳಗೆ ತುರುಕಿದರು. ಧೂಳಿನ, ಬಿರುಸಾದ ಕೈ. "ಹಿಂಗ. ತುದಿ ಕಾಣಬಾರದು. ಹಿಂಗ ಕಟ್ಕೋ ಅಂತ ಆಕಿಗಿ ತಾರು ಕೊಡು."

"ಹೋಗು ಅಂತ ಕೊಡಲೇನು?"

"ಹಿಂದ ಕಟ್ಕೋ ಅಂತ ಕೊಡು."

"ಕೆಲಸಕ್ಕ ಹೋಗು ಅಂತ?"

"ಏನು ಹುಚ್ಚಿ ಇದ್ದಿ ಶಾಂತಾ! ತಲಿ ಕಟ್ಕೊಂಡು ಯಾರರೆ ಮನ್ಯಾಗ ಕೂಡ್ತಾರೇನು?" ಎಂದು ಎದ್ದು ಮೊರ ಎತ್ತಿಕೊಂಡರು. "ಬಾ, ಬಂದೀದಿ ಅಂದ್ರ ಕೈ ಹಚ್ಚು. ಗಾಳಿ ಛಲೋ ಅದ."

ಅಷ್ಟು ವರ್ಷಗಳ ಹಿಂದೆ ಯಾವನೋ ಸಾಹೇಬ ಎಲ್ಲಿಯೋ ಕೂತು ಬರೆದ ಚಿತ್ರ. ತನ್ನೂರಿನ ಹೆಂಗಸರು ಕೆಲಸಕ್ಕೆ ಬರಲಿ ಎಂದು ಬರೆದ. ಅದು ಕೊಡಂಬಲದ ಒಬ್ಬ ಅತ್ತೆಯನ್ನು ಒಪ್ಪಿಸೀತು ಎಂದು ಅವನು ಕನಸಿನಲ್ಲೂ ನೆನೆಸಿರಲಾರ. ಗಂಟು ತಪ್ಪು ಎಂದು ಅವನಿಗೆ ಹೇಳುವವರಾದರೂ ಯಾರಿದ್ದರು?

ಹೊತ್ತು ಮುಳುಗುವವರೆಗೆ ತೂರಿದೆವು. ನಾಳೆ ಚಿಟಗುಪ್ಪದಲ್ಲಿ ಇಳಿದು ಟಪಾಲು ಕಚೇರಿಯಿಂದ ನಂದಾಗೆ ತಾರು ಕೊಡುವುದೆಂದಾಯಿತು. ಏನು ಬರೆಯಬೇಕೆಂದು ಗುರಮ್ಮ ಮೂರು ಸಲ ಹೇಳಿಸಿಕೊಂಡರು. ಗಂಟಿನ ಮಾತು ಬಿಟ್ಟುಹೋಗಬಾರದಂತೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಹೊಸ ತೊಗರಿಯ ಬೇಳೆ, ಹಸಿ ಉಳ್ಳಾಗಡ್ಡಿ, ಕಡೆಗೆ ಮಜ್ಜಿಗೆ ಉಂಡೆವು. ಮಾವನವರು ಒಂದು ರೊಟ್ಟಿ ಹೆಚ್ಚೇ ತಿಂದರು, ಸೊಸೆಯ ಸುದ್ದಿ ಮಾತ್ರ ಕೇಳಲಿಲ್ಲ; ಎಲ್ಲ ಕೇಳಿಸಿಕೊಂಡಿದ್ದರು. ಮೊದಲು ಮಲಗಿದ್ದು ಗುರಮ್ಮ. ಅಲ್ಲಿ ಚಳಿ ಎಷ್ಟು ಎಂದು ಕೇಳಿದರು, ನಾನು ಹೇಳುವುದರೊಳಗೆ ನಿದ್ದೆ.